ಮಕ್ಕಳ ಮಾಹಿತಿ ಯಾರ ಕೈಯಲ್ಲಿ? ಮುಂಬಯಿಯ ಒಂದು ಕಲಿಕಾ ಕೇಂದ್ರಕ್ಕೆ ಪದೇ ಪದೇ ಬರುವ ಪ್ರಶ್ನೆಗಳು

ಭಾಂಡೂಪ್, ಮುಲುಂಡ್ ಕಡೆಯ ಚಾಳುಗಳಿಂದ, ಕಟ್ಟಡ ಕಾಮಗಾರಿಯ ಶೆಡ್ಡುಗಳಿಂದ ಸಂಜೆಯ ಹೊತ್ತು ಮಕ್ಕಳು ನಮ್ಮ ಕೇಂದ್ರಕ್ಕೆ ಓದಲು ಬರುತ್ತಾರೆ. ಕೆಲವರು ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯವರು, ಕೆಲವರು ಮರಾಠಿ, ಹಿಂದಿ, ಇಂಗ್ಲಿಷ್ ಮಾಧ್ಯಮದವರು. ಮನೆಮಾತು ಕನ್ನಡ, ತುಳು, ಲಂಬಾಣಿ, ದಖನಿ, ಏನೂ ಇರಬಹುದು. ಮಕ್ಕಳ ಹೆಸರು, ಫೋಟೊ, ಅಂಕ, ಕಾಯಿಲೆ, ಮನೆಯ ಸಂಗತಿ ಇವುಗಳ ಬಗ್ಗೆ ಪಾಲಕರು, ಸ್ವಯಂಸೇವಕರು, ದಾನಿಗಳು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆದಿದ್ದೇವೆ. ಬೇರೆ ಕಲಿಕಾ ಕೇಂದ್ರ ನಡೆಸುವವರಿಗೂ ಬಳಕೆಗೆ ಬಂದರೆ ಸಂತೋಷ.

ಸೇರಿಸುವಾಗ ಏನೇನು ಕೇಳುತ್ತೀರಿ?

ಮಗುವಿನ ಹೆಸರು, ತರಗತಿ, ಶಾಲೆ. ಮನೆಯಲ್ಲಿ ಆಡುವ ಭಾಷೆ. ತುರ್ತಿಗೆ ಎರಡು ಫೋನ್ ನಂಬರು. ಮೂರ್ಛೆ ರೋಗ, ಅಸ್ತಮಾ, ಯಾವುದಾದರೂ ತಿನಿಸು ಆಗದಿರುವುದು ಇದ್ದರೆ ಅದು. ಕತ್ತಲಾದ ಮೇಲೆ ಮಗುವನ್ನು ಕರೆದುಕೊಂಡು ಹೋಗಲು ಯಾರು ಬರಬಹುದು ಎಂಬುದು. ಇಷ್ಟೇ.

ಜಾತಿ, ಧರ್ಮ, ಆದಾಯ, ತಂದೆ ಕೆಲಸ ಮಾಡುವ ಹೋಟೆಲಿನ ಹೆಸರು, ಮನೆ ಬಾಡಿಗೆಯದೋ ಸ್ವಂತದ್ದೋ, ಊರಿನಲ್ಲಿ ಹೊಲ ಎಷ್ಟಿದೆ ಎಂದು ನಾವು ಕೇಳುವುದಿಲ್ಲ. ಎಷ್ಟೋ ಕೇಂದ್ರಗಳ ಅರ್ಜಿ ನಮೂನೆ ಶಾಲೆಯ ನಮೂನೆಯ ಪಡಿಯಚ್ಚು; ಶಾಲೆ ಕೇಳುತ್ತದೆ, ಆದ್ದರಿಂದ ನಾವೂ ಕೇಳುತ್ತೇವೆ ಎಂಬುದು ಬಿಟ್ಟರೆ ಬೇರೆ ಕಾರಣವಿಲ್ಲ. ಭಿನ್ನರಾಶಿ ಕಲಿಸಲು ಆದಾಯ ಪ್ರಮಾಣಪತ್ರ ಬೇಕಾಗುವುದಿಲ್ಲ. ಬರೆದುಕೊಂಡ ಮೇಲೆ ಅದನ್ನು ಕಾಯಬೇಕು. ಬರೆದುಕೊಳ್ಳದೆ ಇದ್ದದ್ದು ಕಳುವಾಗುವುದೂ ಇಲ್ಲ, ಸೋರುವುದೂ ಇಲ್ಲ. ನಮ್ಮ ಉಳಿದ ನಿಯಮಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ಆಧಾರ್ ಪ್ರತಿ ತಂದಿದ್ದೇವೆ, ತೆಗೆದುಕೊಳ್ಳುವುದಿಲ್ಲವೇ?

ಇಲ್ಲ. ಶಾಲಾ ಪ್ರವೇಶಕ್ಕೇ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಹೇಳಿದೆ. ಹೀಗಿರುವಾಗ ಸಂಜೆ ಪಾಠಕ್ಕೆ ಅದೇಕೆ? ಅದಕ್ಕೂ ಒಂದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತಿತ್ತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರೊಬ್ಬರು ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಗಳಿಸಿಕೊಟ್ಟ ಹಕ್ಕನ್ನು ನಾವೇ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬರುವುದು ಬೇಡ.

ಜೆರಾಕ್ಸ್ ಅಂಗಡಿಯ ಮಾತು ಸುಮ್ಮನೆ ಬಂದದ್ದಲ್ಲ. ರೈಲು ನಿಲ್ದಾಣದ ಹೊರಗಿನ ಯಾವ ಅಂಗಡಿಯಲ್ಲಾದರೂ ಹತ್ತು ನಿಮಿಷ ನಿಂತು ನೋಡಿ. ತಾಯಿ ತನ್ನ ಮೊಬೈಲಿನಿಂದ ಮಗಳ ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳನ್ನು ಅಂಗಡಿಯವನ ವಾಟ್ಸ್‌ಆ್ಯಪ್‌ಗೆ ಕಳುಹಿಸುತ್ತಾಳೆ. ಅವನು ಕಂಪ್ಯೂಟರಿನಲ್ಲಿ ತೆರೆದು ಮುದ್ರಿಸಿ ಕಾಸು ಎಣಿಸಿಕೊಳ್ಳುತ್ತಾನೆ. ತಾಯಿ ಕಾಗದ ಮಡಿಚಿಕೊಂಡು ಹೊರಡುತ್ತಾಳೆ. ಕಡತಗಳು ಅಲ್ಲೇ ಡೌನ್‌ಲೋಡ್ ಪಟ್ಟಿಯಲ್ಲಿ, ಹಿಂದಿನ ಗಿರಾಕಿಗಳ ಪಾನ್ ಕಾರ್ಡುಗಳ ಕೆಳಗೆ ಉಳಿಯುತ್ತವೆ. ಮುಂದಿನ ಗಿರಾಕಿಗೆ ಪರದೆಯ ಮೇಲೆ ಅವೆಲ್ಲ ಕಾಣುತ್ತಿರುತ್ತವೆ. ಅಂಗಡಿಯವನು ಕೆಟ್ಟವನು ಎಂದಲ್ಲ, ಅಳಿಸುವ ಪರಿಪಾಠ ಇಲ್ಲ, ಅಷ್ಟೇ. "ಮುದ್ರಿಸಿದ ಮೇಲೆ ನನ್ನೆದುರೇ ಅಳಿಸಿ" ಎಂದು ಕೇಳಿ. ಸಂಕೋಚ ಬೇಡ.

ವಿದ್ಯಾರ್ಥಿವೇತನದಂಥ ಕೆಲಸಕ್ಕೆ ಆಧಾರ್ ಕೊಡಲೇಬೇಕಾಗಿ ಬಂದರೆ, ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನು ಆಧಾರ್ ನೀಡುವ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಅದು ಸಾಕೇ ಎಂದು ಮೊದಲು ವಿಚಾರಿಸಿ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಅಡ್ಡಲಾಗಿ ಬರೆಯಿರಿ.

ಮಗುವಿನ ತಂದೆ ತಾಯಿ ಊರಿನಲ್ಲಿದ್ದಾರೆ. ಸೋದರಮಾವನಾಗಿ ನಾನು ಸಹಿ ಹಾಕಬಹುದೇ?

ಮಗುವನ್ನು ಕರೆತರಬಹುದು, ಪಾಠಕ್ಕೆ ಕೂರಿಸಬಹುದು. ಆದರೆ ಮಾಹಿತಿ ಇಟ್ಟುಕೊಳ್ಳಲು ಒಪ್ಪಿಗೆ ಕೊಡಬೇಕಾದವರು ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಮಕ್ಕಳು ಚಿಕ್ಕಪ್ಪನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇರುವುದು ಇಲ್ಲಿ ಸಾಮಾನ್ಯ. ಅಂಥ ಕಡೆ ನಾವು ಊರಿಗೆ ವಿಡಿಯೊ ಕರೆ ಮಾಡಿ, ತಾಯಿಗೆ ಎಲ್ಲವನ್ನೂ ಓದಿ ಹೇಳಿ, ಆಕೆ ಹೂಂ ಎಂದದ್ದನ್ನು ದಿನಾಂಕ ಸಹಿತ ಬರೆದುಕೊಳ್ಳುತ್ತೇವೆ. ಹಬ್ಬಕ್ಕೋ ಜಾತ್ರೆಗೋ ಹೋದವರು ಬರುವಾಗ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ತರಲಿ. ಕರೆಯನ್ನು ರೆಕಾರ್ಡ್ ಮಾಡುವುದಿಲ್ಲ. ಅದೊಂದು ಹೊಸ ಮಾಹಿತಿಯಾಗಿ ಅದನ್ನೂ ಕಾಯಬೇಕಾದೀತು.

ಓದಲು ಬಾರದವರಿಂದ ಓದದೆ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಇಲ್ಲ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಸೂಚನೆಯನ್ನು ಓದುವ ಅವಕಾಶ ಇರಬೇಕು ಎಂದು ಹೊಸ ಕಾಯ್ದೆ ಹೇಳುತ್ತದೆ. ಅಂದರೆ ಮುಂಬಯಿಯಲ್ಲಿ ಕುಳಿತೂ "ನನಗೆ ಕನ್ನಡದಲ್ಲಿ ಕೊಡಿ" ಎಂದು ಕೇಳುವ ಹಕ್ಕು ನಿಮಗೆ ಬರುತ್ತದೆ. ತುಳು, ಲಂಬಾಣಿ ಆ ಪಟ್ಟಿಯಲ್ಲಿ ಇಲ್ಲ; ಆ ಮನೆಗಳವರಿಗೆ ಆ ಮಾತು ಬಲ್ಲ ಶಿಕ್ಷಕರು ಬಾಯಿಮಾತಿನಲ್ಲಿ ವಿವರಿಸುತ್ತಾರೆ.

ಮಗುವನ್ನೂ ಕೇಳುತ್ತೇವೆ. ಕಾನೂನಿನ ಕಣ್ಣಿಗೆ ಮಗುವಿನ ಒಪ್ಪಿಗೆ ಸಾಲದು, ಆದರೆ ಹತ್ತು ವರ್ಷದ ಹುಡುಗಿ ಬೇಡ ಎಂದರೆ ಅಪ್ಪನ ಸಹಿ ತೋರಿಸಿ ಅವಳ ಫೋಟೊ ತೆಗೆಯುವಷ್ಟು ನಾವು ಕಾನೂನುಪಂಡಿತರಲ್ಲ.

ಯಾವ ಕಾಯ್ದೆ ಅದು? ಚಾಳಿನ ಒಂದು ಕೋಣೆಯಲ್ಲಿ ನಡೆಯುವ ಕೇಂದ್ರಕ್ಕೂ ಅನ್ವಯಿಸುತ್ತದೆಯೇ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಆ ವರ್ಷದ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಒಪ್ಪಿಗೆ, ಭದ್ರತೆ, ಮಕ್ಕಳ ರಕ್ಷಣೆಯಂಥ ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇದೆ, ಎಂದರೆ 2027ರ ಮೇ ತನಕ. ಕಾಲಾವಕಾಶ ಇರುವುದು ಸಿದ್ಧತೆಗೆ, ಕಾಲಹರಣಕ್ಕಲ್ಲ.

18 ತುಂಬದವರೆಲ್ಲ ಇಲ್ಲಿ ಮಕ್ಕಳೇ. ಮಗುವಿನ ಮಾಹಿತಿ ಬಳಸಲು ಪಾಲಕರ ಪರಿಶೀಲಿಸಬಲ್ಲ ಒಪ್ಪಿಗೆ ಬೇಕು. ಮಗುವಿನ ಒಳಿತಿಗೆ ಧಕ್ಕೆ ತರುವ ಯಾವ ಬಳಕೆಯೂ ಕೂಡದು. ಮಕ್ಕಳ ಬೆನ್ನು ಹತ್ತಿ ಅವರ ನಡವಳಿಕೆ ದಾಖಲಿಸುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳಿಗೆ ಸಂಬಂಧಿಸಿದ ಈ ಹೊಣೆ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ, ಭದ್ರತೆಯಲ್ಲಿ ಲೋಪವಾದರೆ 250 ಕೋಟಿವರೆಗೆ ಹೋಗಬಹುದು. ಈ ಅಂಕಿಗಳನ್ನು ಕೇಳಿ ನಮ್ಮ ಸ್ವಯಂಸೇವಕರೊಬ್ಬರು ನಕ್ಕುಬಿಟ್ಟರು. ನಮ್ಮ ಕೋಣೆಯಲ್ಲಿ ಬೆಲೆಬಾಳುವ ವಸ್ತು ಎಂದರೆ ಒಂದು ಫ್ಯಾನು. ಅವು ಗರಿಷ್ಠ ಮಿತಿಗಳು. ತಪ್ಪಿನ ತೂಕ, ಅದರಿಂದಾದ ಹಾನಿ ನೋಡಿ ದತ್ತಾಂಶ ಸಂರಕ್ಷಣಾ ಮಂಡಳಿ ನಿರ್ಧರಿಸುತ್ತದೆ. ಆದರೆ ಚಿಕ್ಕವರು ಎಂಬ ಒಂದೇ ಕಾರಣಕ್ಕೆ ಯಾರೂ ತಾವಾಗಿಯೇ ಹೊರಗುಳಿಯುವುದಿಲ್ಲ.

ಎರಡು ಸೂಕ್ಷ್ಮಗಳಿವೆ. ಒಂದು, ಕಾಯ್ದೆ ಹಿಡಿಯುವುದು ಡಿಜಿಟಲ್ ಮಾಹಿತಿಯನ್ನು ಮತ್ತು ಕಾಗದದಿಂದ ಡಿಜಿಟಲ್ ಆದದ್ದನ್ನು. ಹಾಜರಿ ಪುಸ್ತಕ ಬರೀ ಪುಸ್ತಕವಾಗಿದ್ದರೆ ಹೊರಗೆ. ಶಿಕ್ಷಕಿ ಅದರ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದ ಗಳಿಗೆಗೆ ಒಳಗೆ. ಎರಡು, ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳು ಒಂದಿಷ್ಟು ರಿಯಾಯಿತಿ ಕೊಟ್ಟಿವೆ: ಪಾಠದ ಕೆಲಸಕ್ಕೆ ಅಥವಾ ಮಕ್ಕಳ ಸುರಕ್ಷತೆಗೆ ಬೇಕಾದಷ್ಟು ಮಟ್ಟಿಗೆ ಮಗುವಿನ ಪ್ರಗತಿ, ನಡವಳಿಕೆಗಳ ಮೇಲೆ ಕಣ್ಣಿಡಬಹುದು. ಈ ರಿಯಾಯಿತಿಯನ್ನು ತೋರಿಸಿ ಒಪ್ಪಿಗೆಯೇ ಬೇಡ ಎನ್ನುವವರು ಮುಂದೆ ಬಂದಾರು. ನಾವು ಆ ದಾರಿ ಹಿಡಿಯುವುದಿಲ್ಲ.

ನಮ್ಮ ನಂಬರು ಆಗಾಗ ಬದಲಾಗುತ್ತದೆ. ಅದನ್ನೆಲ್ಲ ಹೇಳಬೇಕೇ?

ದಯವಿಟ್ಟು ಹೇಳಿ. ರೀಚಾರ್ಜ್ ಇಲ್ಲದೆ ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಬೇಸಿಗೆಯಲ್ಲಿ ಊರಿಗೆ ಹೋಗಿ ಮಳೆ ಬಿದ್ದ ಮೇಲೆ ಬರುವವರಿಗೆ 90 ದಿನ ಎಂದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ "ನಿಮ್ಮ ಮಗಳಿಗೆ ಇಂದು ಜ್ವರ, ಒಬ್ಬಳೇ ಬರುತ್ತಿದ್ದಾಳೆ" ಎಂಬ ಸಂದೇಶ ಯಾರೋ ಅಪರಿಚಿತನ ಕೈ ಸೇರುತ್ತದೆ. ಜೂನ್‌ನಲ್ಲಿ ಎಲ್ಲ ನಂಬರುಗಳಿಗೂ ಒಮ್ಮೆ ಕರೆ ಮಾಡಿ ನೋಡುತ್ತೇವೆ. ಎತ್ತಿದವರು ಬೇರೆಯವರಾದರೆ ಮಗುವಿನ ಹೆಸರೆತ್ತದೆ ಫೋನ್ ಇಡುತ್ತೇವೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಕ್ಕಳ ಅಂಕ ಏಕೆ ಹಾಕುವುದಿಲ್ಲ? ಟ್ಯೂಷನ್ ಕ್ಲಾಸಿನವರು ಹಾಕುತ್ತಾರಲ್ಲ?

ಹಾಕುತ್ತಾರೆ, ಅದಕ್ಕೇ ಮಕ್ಕಳು ಪರೀಕ್ಷೆಯ ಮರುದಿನ ಅಲ್ಲಿಗೆ ಹೋಗಲು ಹೊಟ್ಟೆನೋವು ಎನ್ನುತ್ತಾರೆ. ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಬದುಕುವವರು ನಾವು. ಏಳನೇ ತರಗತಿಯ ಹುಡುಗ ಗಣಿತದಲ್ಲಿ ಒಂಬತ್ತು ಅಂಕ ತೆಗೆದ ಸುದ್ದಿ ನಲ್ಲಿ ಬಳಿ ತಲುಪಲು ಗುಂಪಿನ ಸಂದೇಶ ಒಂದು ಸಾಕು.

ನಮ್ಮ ಗುಂಪಿನಲ್ಲಿ ಸಂಚಾಲಕರು ಮಾತ್ರ ಬರೆಯಬಹುದು. ಅಲ್ಲಿ ಬರುವುದು ರಜೆ, ಸಮಯ, ಮಳೆಯಿಂದ ಲೋಕಲ್ ನಿಂತರೆ ಪಾಠ ಇಲ್ಲ ಎಂಬುದು, ಇಷ್ಟೇ. ಒಂದು ಮಗುವಿಗೆ ಸಂಬಂಧಿಸಿದ್ದು ಆ ಮಗುವಿನ ಪಾಲಕರಿಗೆ ಕರೆ ಮಾಡಿ ಹೇಳುತ್ತೇವೆ. ಗುಂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ ಎಂಬ ಕಾರಣಕ್ಕೆ ಕೆಲವು ತಾಯಂದಿರು ಸೇರಲು ಹಿಂಜರಿದರು. ಅವರ ಅಳುಕು ನ್ಯಾಯವಾದದ್ದು. ಕಮ್ಯೂನಿಟಿಯ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ನಂಬರುಗಳು ಪರಸ್ಪರ ಕಾಣುವುದಿಲ್ಲ, ಆದ್ದರಿಂದ ಈಗ ಅದನ್ನೇ ಬಳಸುತ್ತೇವೆ. ಬ್ರಾಡ್‌ಕಾಸ್ಟ್ ಪಟ್ಟಿಯೂ ಆಗುತ್ತಿತ್ತು, ಆದರೆ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ಮಗುವಿನ ಹೋಂವರ್ಕಿನ ಫೋಟೊ ಕಳುಹಿಸುವಾಗ ಪುಸ್ತಕದ ಮೇಲಿನ ಲೇಬಲ್ ಬಿಟ್ಟು ತೆಗೆಯಿರಿ. ಶಿಕ್ಷಕರು ಫೋನಿನಲ್ಲಿ ಮೀಡಿಯಾ ವಿಸಿಬಿಲಿಟಿ ಆಯ್ಕೆಯನ್ನು ಆಫ್ ಮಾಡಿಡಬೇಕು. ಇಲ್ಲದಿದ್ದರೆ ಮಕ್ಕಳು ಕಳುಹಿಸಿದ್ದೆಲ್ಲ ಶಿಕ್ಷಕರ ಫೋನಿನ ಗ್ಯಾಲರಿಗೆ ಹೋಗಿ, ಅಲ್ಲಿಂದ ತಾನಾಗಿಯೇ ಕ್ಲೌಡಿಗೆ ಏರುತ್ತದೆ.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮಕ್ಕಳ ಫೋಟೊ ತೆಗೆಯಬಾರದೇ? ಇದೆಂಥ ಕಟ್ಟುನಿಟ್ಟು?

ಹಬ್ಬ ಹಬ್ಬದಂತೆಯೇ ಇರಲಿ. ನಿಮ್ಮ ಮಗು ಕುಣಿಯುವುದನ್ನು ನೀವು ಮನಸಾರೆ ಚಿತ್ರ ತೆಗೆಯಿರಿ. ಪಕ್ಕದ ಮಗು ಅದರಲ್ಲಿ ಬಂದಿದ್ದರೆ ಸ್ಟೇಟಸ್‌ಗೆ ಹಾಕುವ ಮೊದಲು ಆ ಮಗುವಿನ ತಾಯಿಯನ್ನು ಒಂದು ಮಾತು ಕೇಳಿ, ಅಷ್ಟೇ.

ಕೇಂದ್ರದ ವತಿಯಿಂದ ತೆಗೆಯುವ ಚಿತ್ರಗಳ ವಿಚಾರ ಬೇರೆ. ಫೋಟೊದ ಒಪ್ಪಿಗೆ ಪತ್ರ ಸೇರ್ಪಡೆಯ ಪತ್ರದಿಂದ ಪ್ರತ್ಯೇಕವಾಗಿದೆ. ಬೇಡ ಎಂದು ಗುರುತು ಹಾಕಿದರೆ ಮಗುವಿನ ಪಾಠಕ್ಕೆ, ಬಹುಮಾನಕ್ಕೆ, ವೇದಿಕೆಗೆ ಏನೂ ಕುಂದಿಲ್ಲ. ಆ ಮಗುವನ್ನು ಗುಂಪಿನಿಂದ ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸುವ ಕ್ರೌರ್ಯವೂ ಇಲ್ಲ: ಅಂಥ ಸಾಲನ್ನು ಹಿಂದಿನಿಂದ ತೆಗೆಯುತ್ತೇವೆ. ಒಪ್ಪಿಕೊಂಡವರು ಮನಸ್ಸು ಬದಲಿಸಬಹುದು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಆಗಬೇಕು ಎಂಬುದು ಕಾಯ್ದೆಯ ಮಾತು. ನಮ್ಮ ಪುಟದಿಂದ ಅಳಿಸುತ್ತೇವೆ. ಆದರೆ ಈಗಾಗಲೇ ನೂರು ಜನರ ಫೋನಿಗೆ ಹೋದದ್ದನ್ನು ಮರಳಿ ತರಲು ನಮ್ಮಿಂದಾಗದು ಎಂದು ಸಹಿ ಹಾಕಿಸುವಾಗಲೇ ತಿಳಿಸುತ್ತೇವೆ.

ಪ್ರಕಟಿಸುವ ಚಿತ್ರದಲ್ಲಿ ಹೆಸರು ಇರುವುದಿಲ್ಲ. ಸಮವಸ್ತ್ರದ ಮೇಲಿನ ಶಾಲೆಯ ಬಿಲ್ಲೆ, ಹಿಂದಿನ ಗೋಡೆಯ ಮೇಲಿನ ಚಾಳಿನ ಹೆಸರು, ಗುರುತಿನ ಚೀಟಿ ಕಾಣದಂತೆ ನೋಡುತ್ತೇವೆ. ಮೂಲ ಫೋಟೊದೊಳಗೆ ತೆಗೆದ ಜಾಗ, ಹೊತ್ತು ದಾಖಲಾಗಿರುವುದುಂಟು. ಅದನ್ನು ತೆಗೆದುಹಾಕಿಯೇ ಬಳಸುತ್ತೇವೆ. ಕಾರ್ಯಕ್ರಮದ ಚಿತ್ರಗಳನ್ನು ಅಂದೇ ಹಾಕದೆ ಕೆಲವು ದಿನ ಬಿಟ್ಟು ಹಾಕುತ್ತೇವೆ. ಹುಟ್ಟುಹಬ್ಬದ ಕೇಕಿನ ಚಿತ್ರ ಹಾಕುವುದೇ ಇಲ್ಲ. ಹೆಸರು, ಮುಖ, ಜನ್ಮದಿನ ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುವ ಚಿತ್ರ ಅದು.

ರಕ್ಷಣೆ ಬೇಕಾಗಿ ಬಂದ ಮಗು, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗು ಎಂದಾದರೆ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನಂತೆ ಅಂಥ ಮಗುವಿನ ಗುರುತು ಬಿಟ್ಟುಕೊಟ್ಟರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಾವು ಹಣ ಕೊಡುತ್ತೇವೆ. ಯಾವ ಮಗುವಿಗೆ ನೆರವಾಯಿತು ಎಂದು ತಿಳಿಯುವ ಹಕ್ಕು ಇಲ್ಲವೇ?

ಹಣ ಹೇಗೆ ಖರ್ಚಾಯಿತು ಎಂದು ತಿಳಿಯುವ ಹಕ್ಕು ಖಂಡಿತ ಇದೆ. ರಸೀದಿ, ಲೆಕ್ಕಪತ್ರ, ಎಷ್ಟು ಮಕ್ಕಳು ಬಂದರು, ಓದಿನಲ್ಲಿ ಎಷ್ಟು ಮುಂದೆ ಹೋದರು, ಎಲ್ಲವನ್ನೂ ಕೊಡುತ್ತೇವೆ. ಯಾವ ಮಗು ಎಂಬುದನ್ನು ಮಾತ್ರ ಕೇಳಬೇಡಿ. ಪುಸ್ತಕ ಕೊಡಿಸಿದ್ದಕ್ಕೆ ಮಗುವಿನ ಮುಖ ಬದಲಿಗೆ ಸಿಗಬೇಕು ಎಂದು ಯಾವ ಲೆಕ್ಕಪುಸ್ತಕದಲ್ಲೂ ಬರೆದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚೀಲ ಹಂಚುತ್ತಾ ಕ್ಯಾಮೆರಾ ಕಡೆ ನಗುವ ಕಾರ್ಯಕ್ರಮ ಮುಂಬಯಿ ಕನ್ನಡಿಗರಲ್ಲಿ ಬಹಳ ಹಳೆಯ ವಾಡಿಕೆ. ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ, ಆದರೆ ಚೀಲ ಹರಿದ ಮೇಲೂ ಆ ಚಿತ್ರ ಉಳಿದಿರುತ್ತದೆ. ಹುಡುಗ ದೊಡ್ಡವನಾಗಿ ಕೆಲಸಕ್ಕೆ ಸೇರಿದಾಗ ಸಹೋದ್ಯೋಗಿಯೊಬ್ಬ ಹುಡುಕಿದರೆ ಅದೇ ಮೊದಲು ಸಿಗಬೇಕೇ?

ಹೆಸರು ತೆಗೆದರೆ ಸಾಕು ಎಂದುಕೊಳ್ಳುವವರಿಗೆ ಒಂದು ಉದಾಹರಣೆ. "ನಮ್ಮ ಕೇಂದ್ರದ ಆರನೇ ತರಗತಿಯ ಲಂಬಾಣಿ ಹುಡುಗಿ, ತಂದೆ ಕುಡಿದು ಮನೆ ಬಿಟ್ಟು ಹೋಗಿದ್ದಾನೆ, ಈಗ ಚೆನ್ನಾಗಿ ಓದುತ್ತಿದ್ದಾಳೆ." ಹೆಸರಿಲ್ಲ, ಊರಿಲ್ಲ. ಆದರೆ ಆರನೇ ತರಗತಿಯಲ್ಲಿ ಲಂಬಾಣಿ ಹುಡುಗಿ ಇರುವುದು ಒಬ್ಬಳೇ ಆದರೆ ಇಡೀ ಗಲ್ಲಿಗೆ ಅದು ಯಾರೆಂದು ಗೊತ್ತಾಗುತ್ತದೆ. ಆದ್ದರಿಂದ ವರದಿಯಲ್ಲಿ ತೀರಾ ಚಿಕ್ಕ ಗುಂಪುಗಳನ್ನು ಬಿಡಿಸಿ ತೋರಿಸುವುದಿಲ್ಲ. ಎರಡು ಮೂರು ಮಕ್ಕಳಷ್ಟೇ ಇರುವ ಸಾಲನ್ನು ಪಕ್ಕದ ಸಾಲಿನೊಡನೆ ಕೂಡಿಸಿಬಿಡುತ್ತೇವೆ.

ಮಗಳಿಗೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಇದೆ. ಕೊಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆಯೇ?

ತಾಯಂದಿರು ಈ ಪ್ರಶ್ನೆಯನ್ನು ಬಾಗಿಲ ಬಳಿ ನಿಂತು, ದನಿ ತಗ್ಗಿಸಿ ಕೇಳುತ್ತಾರೆ. ಹೆಣ್ಣು ಮಗು, ನಾಳೆ ಸಂಬಂಧ ಕುದುರಿಸುವಾಗ ಯಾರಾದರೂ ಎತ್ತಿ ಆಡಿದರೆ ಎಂಬ ಭಯ ಅದರ ಹಿಂದಿದೆ.

ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಒಂದು. ಮುಂಬಯಿಯಲ್ಲಿ ಸಾಯನ್, ನಾಯರ್, ಕೆಇಎಂ ಆಸ್ಪತ್ರೆಗಳಲ್ಲಿ ಇದರ ತಪಾಸಣೆ ಆಗುತ್ತದೆ. ಪ್ರಮಾಣಪತ್ರ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ಅನುಕೂಲಗಳು ಸಿಗುತ್ತವೆ. ಹಾಗಾಗಿ ಪತ್ರವನ್ನು ಬಚ್ಚಿಟ್ಟರೆ ನಷ್ಟ ಮಗುವಿಗೇ. ಶಾಲೆಗೆ ಮತ್ತು ಬೋರ್ಡಿಗೆ ಕೊಡಲೇಬೇಕು. ನಮಗೆ ಅದರ ಪ್ರತಿ ಬೇಡ. ತಂದು ತೋರಿಸಿ, ಮಗುವಿಗೆ ಯಾವ ಬಗೆಯ ಪಾಠ ಒಗ್ಗುತ್ತದೆ ಎಂದು ಮಾತಾಡೋಣ, ಪತ್ರವನ್ನು ನಿಮ್ಮ ಚೀಲಕ್ಕೇ ಹಾಕಿಕೊಂಡು ಹೋಗಿ. ನಮ್ಮ ಕಡತದಲ್ಲಿ ಉಳಿಯುವುದು "ದೊಡ್ಡ ಅಕ್ಷರದ ಹಾಳೆ ಕೊಡಬೇಕು, ಅವಸರ ಮಾಡಬಾರದು" ಎಂಬ ಸಾಲು. ಅದನ್ನು ನೋಡುವವರು ಪಾಠ ಮಾಡುವ ಶಿಕ್ಷಕಿ ಮತ್ತು ಸಂಚಾಲಕರು.

ಪ್ರಮಾಣಪತ್ರ ಇಲ್ಲದ ಮಗುವಿಗೆ ನಾವೇ ಹೆಸರಿಡುವುದಿಲ್ಲ. ಶಿಕ್ಷಕರ ಟಿಪ್ಪಣಿಯಲ್ಲಿ "ದಡ್ಡ", "ಸೋಮಾರಿ", "ಡಿಸ್ಲೆಕ್ಸಿಯಾ ಇರಬಹುದು" ಬರಕೂಡದು. ಕಂಡದ್ದನ್ನು ಬರೆಯಬೇಕು: "ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ. ಬೆರಳಿಟ್ಟು ಓದಿದರೆ ಸಾಲು ತಪ್ಪುವುದಿಲ್ಲ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಳ, ಲ ಅದಲುಬದಲಾಗುತ್ತದೆ." ಮುಂದಿನ ವರ್ಷ ಬರುವ ಶಿಕ್ಷಕಿಗೆ ಇದರಿಂದ ದಾರಿ ತಿಳಿಯುತ್ತದೆ. ದಡ್ಡ ಎಂಬುದರಿಂದ ತಿಳಿಯುವುದು ಬರೆದವರ ತಾಳ್ಮೆ ಎಷ್ಟಿತ್ತು ಎಂಬುದು ಮಾತ್ರ.

ಮಗು ನಿಮ್ಮ ಬಳಿ ಗುಟ್ಟಾಗಿ ಹೇಳಿದ್ದನ್ನು ನಮಗೆ ತಿಳಿಸುತ್ತೀರಾ?

ಗೆಳತಿಯ ಜೊತೆ ಜಗಳ, ಇಷ್ಟದ ನಟ, ಅಪ್ಪ ಬೈದದ್ದು, ಇವೆಲ್ಲ ಮಗುವಿನವು. ಕಡತಕ್ಕೂ ಹೋಗುವುದಿಲ್ಲ, ನಿಮಗೂ ಬರುವುದಿಲ್ಲ.

ಲೈಂಗಿಕ ಕಿರುಕುಳದ ಮಾತಾದರೆ ಹಾಗಲ್ಲ. ಪೋಕ್ಸೊ ಕಾಯ್ದೆ 2012ರ 19ನೇ ಕಲಮಿನಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಆದ್ದರಿಂದ "ಯಾರಿಗೂ ಹೇಳುವುದಿಲ್ಲ, ಆಣೆ" ಎಂದು ಮಗುವಿಗೆ ಮಾತು ಕೊಡಬಾರದು ಎಂಬುದು ಹೊಸ ಸ್ವಯಂಸೇವಕರಿಗೆ ನಾವು ಹೇಳಿಕೊಡುವ ಮೊದಲ ಪಾಠ. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದು, ಬೇರೆ ಕಡೆ ಬೀಗದಲ್ಲಿಡುತ್ತೇವೆ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿದೆ, ಮಕ್ಕಳ ಕಣ್ಣೆತ್ತರಕ್ಕೆ.

ಬೇರೆ ಯಾರಾದರೂ ಬಂದು ನನ್ನ ಮಗುವಿನ ಬಗ್ಗೆ ಕೇಳಿದರೆ?

ಕೇಳುತ್ತಾರೆ. ಸಾಲ ಕೊಟ್ಟವರು ಮನೆಯ ವಿಳಾಸ ಕೇಳುತ್ತಾರೆ. ಹೋಟೆಲ್ ಮಾಲೀಕರು "ನಮ್ಮ ಭಟ್ಟಿಯ ಹುಡುಗನ ಮಗ ಹೇಗೆ ಓದುತ್ತಾನೆ" ಎಂದು ಅಕ್ಕರೆಯಿಂದಲೇ ವಿಚಾರಿಸುತ್ತಾರೆ. ಬೇರೆಯಾಗಿರುವ ತಂದೆ "ಯಾವ ಹೊತ್ತಿಗೆ ಬಿಡುತ್ತೀರಿ" ಎನ್ನುತ್ತಾನೆ. ಎಲ್ಲರಿಗೂ ಒಂದೇ ಉತ್ತರ: ಮಗು ಇಲ್ಲಿಗೆ ಬರುತ್ತದೆಯೋ ಇಲ್ಲವೋ ಎಂಬುದನ್ನೂ ನಾವು ಹೇಳುವುದಿಲ್ಲ. ಗಂಡ ಹೆಂಡಿರ ವ್ಯಾಜ್ಯ ಇದ್ದರೆ ಕೋರ್ಟಿನ ಆದೇಶದ ಪ್ರಕಾರ ನಡೆಯುತ್ತೇವೆ. ಪೊಲೀಸರು ಕೇಳಿದರೆ ಬರಹದಲ್ಲಿ ಕೊಡಿ ಎನ್ನುತ್ತೇವೆ, ಮಗುವಿನ ಜೀವಕ್ಕೆ ಅಪಾಯ ಇದ್ದ ಹೊತ್ತಿನಲ್ಲಿ ಮಾತ್ರ ಕಾಗದಕ್ಕೆ ಕಾಯುವುದಿಲ್ಲ.

ಕೋಣೆಯಲ್ಲಿ ಸಿಸಿಟಿವಿ ಇದೆಯೇ?

ಇಲ್ಲ. ಇಬ್ಬರು ದೊಡ್ಡವರಿಲ್ಲದೆ ಪಾಠ ನಡೆಸುವುದಿಲ್ಲ, ಬಾಗಿಲು ತೆರೆದೇ ಇರುತ್ತದೆ.

ಕಲಿಕೆಯ ಆ್ಯಪ್, ಗೂಗಲ್ ಫಾರಂ, ಎಐ ಇವನ್ನೆಲ್ಲ ಬಳಸುತ್ತೀರಾ?

ಆ್ಯಪ್ ಬಳಸುತ್ತೇವೆ, ಕೇಂದ್ರದ ಟ್ಯಾಬ್ಲೆಟ್ಟಿನಲ್ಲಿ. ಖಾತೆ ಕೇಂದ್ರದ್ದು, ಮಕ್ಕಳಿಗೆ ಹಕ್ಕಿಯ ಹೆಸರುಗಳು: ಗುಬ್ಬಿ, ಮೈನಾ, ಕೊಕ್ಕರೆ. ಯಾವ ಮಗು ಕೊಕ್ಕರೆ ಎಂಬ ಪಟ್ಟಿ ಕಾಗದದ ಮೇಲೆ, ಕಪಾಟಿನಲ್ಲಿದೆ. ಕಾಂಟ್ಯಾಕ್ಟ್ ಪಟ್ಟಿ, ಸ್ಥಳ, ಮೈಕ್ ಅನುಮತಿ ಕೇಳುವ ಲೆಕ್ಕದ ಆಟಕ್ಕೆ ಅವು ಏಕೆ ಬೇಕು ಎಂದು ಒಮ್ಮೆ ಯೋಚಿಸಿ. ಮನೆಯಲ್ಲೂ ಅಂಥವನ್ನು ತೆಗೆದುಹಾಕಿ.

ಹಂಚಿಕೊಂಡ ಪಟ್ಟಿಗಳಲ್ಲಿ "ಕೊಂಡಿ ಇರುವ ಯಾರಾದರೂ ನೋಡಬಹುದು" ಎಂಬ ಆಯ್ಕೆಯೇ ದೊಡ್ಡ ಬಿಲ. ಒಬ್ಬರು ಇನ್ನೊಬ್ಬರಿಗೆ ಕಳುಹಿಸಿ, ಅವರು ಮತ್ತೊಬ್ಬರಿಗೆ ಕಳುಹಿಸಿ, ಕೊನೆಗೆ ಯಾರು ನೋಡಿದರು ಎಂದು ಹೇಳುವವರಿಲ್ಲ. ಹೆಸರು ಹಿಡಿದು ಅನುಮತಿ ಕೊಡುತ್ತೇವೆ, ಶಿಕ್ಷಕರು ಬಿಟ್ಟುಹೋದ ದಿನವೇ ತೆಗೆಯುತ್ತೇವೆ. ಎಐ ಚಾಟ್‌ಬಾಟಿಗೆ "ಒತ್ತಕ್ಷರ ಕಲಿಸಲು ಹತ್ತು ವಾಕ್ಯ ಕೊಡು" ಎಂದು ಕೇಳಲು ಅಡ್ಡಿಯಿಲ್ಲ. ಮಗುವಿನ ಹೆಸರು, ವರದಿ, ಧ್ವನಿ, ಮುಖ ಅದಕ್ಕೆ ಉಣಿಸಕೂಡದು.

ಹಳೆಯ ಕಾಗದಗಳನ್ನು ಏನು ಮಾಡುತ್ತೀರಿ?

ಮಗು ಕೇಂದ್ರ ಬಿಟ್ಟ ಮೇಲೆ ಒಂದು ಶಾಲಾ ವರ್ಷ ಇಡುತ್ತೇವೆ, ಮರಳಿ ಬಂದರೆ ಬೇಕಾಗುತ್ತದೆ ಎಂದು. ಆಮೇಲೆ ಹರಿದು, ನೀರಿನಲ್ಲಿ ನೆನೆಸಿ, ಮುದ್ದೆ ಮಾಡಿ ಎಸೆಯುತ್ತೇವೆ. ರದ್ದಿಯವನಿಗೆ ತೂಕಕ್ಕೆ ಹಾಕುವುದಿಲ್ಲ. ಈ ಊರಿನಲ್ಲಿ ಭೇಲ್ ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದ ಬಿಡಿಸಿ ಓದುವ ಚಪಲ ಯಾರಿಗಿಲ್ಲ? ಯಾರದೋ ಉತ್ತರಪತ್ರಿಕೆ, ಯಾರದೋ ಹಾಜರಿ ಪಟ್ಟಿ, ಕೆಂಪು ಶಾಯಿಯ ಅಡ್ಡಗೆರೆ ಸಮೇತ ಸಿಗುತ್ತದೆ.

ಶಿಕ್ಷಕರ ಫೋನ್ ಲೋಕಲ್‌ನಲ್ಲಿ ಕಳುವಾದರೆ?

ಸಂಜೆಯ ಠಾಣೆ ಲೋಕಲ್ ಹತ್ತುವವರಿಗೆ ಇದು ಕಲ್ಪನೆಯ ಪ್ರಶ್ನೆಯಲ್ಲ. ಆದ್ದರಿಂದ ಮಕ್ಕಳ ಪಟ್ಟಿ ಸ್ವಂತ ಫೋನಿನಲ್ಲಿ ಇರಬಾರದು. ತುರ್ತು ನಂಬರುಗಳಿರುವ ಕೇಂದ್ರದ ಫೋನ್ ರಾತ್ರಿ ಕಪಾಟಿನಲ್ಲೇ ಉಳಿಯುತ್ತದೆ. ಹಾಗಿದ್ದೂ ಕಳೆದರೆ ಬೇರೆ ಕಂಪ್ಯೂಟರಿನಿಂದ ಖಾತೆಗಳಿಂದ ಹೊರಬಂದು, ಸಿಮ್ ನಿಲ್ಲಿಸಿ, ಪೊಲೀಸ್ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ (ಫೋನಿನ ಗುರುತಿನ) ಸಂಖ್ಯೆ ಕೊಟ್ಟು ಫೋನನ್ನು ಬ್ಲಾಕ್ ಮಾಡಿಸಬೇಕು. ಸಂಬಂಧಪಟ್ಟ ಪಾಲಕರಿಗೆ ಅಂದು ಸಂಜೆಯೇ ಕರೆ ಹೋಗುತ್ತದೆ: ಏನು ಹೋಯಿತು, ಏನು ಹೋಗಿಲ್ಲ, ಯಾವ ಬಗೆಯ ವಂಚಕ ಕರೆ ಬರಬಹುದು. ನಿಯಮಗಳು ಜಾರಿಯಾದ ಮೇಲೆ ಪಾಲಕರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, ಮಂಡಳಿಗೆ 72 ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕಾಗುತ್ತದೆ.

ನನ್ನ ಮಗುವಿನ ಕಡತ ನಾನು ನೋಡಬಹುದೇ? ತಪ್ಪಿದ್ದರೆ?

ಯಾವಾಗ ಬೇಕಾದರೂ ನೋಡಿ. ಓದಲು ಕಷ್ಟವಾದರೆ ಓದಿ ಹೇಳುತ್ತೇವೆ. ತಪ್ಪು ತಿದ್ದಿಸುವುದು, ಬೇಡವಾದದ್ದನ್ನು ಅಳಿಸಿಸುವುದು ನಿಮ್ಮ ಹಕ್ಕು. ದೂರಿದ್ದರೆ ಮೊದಲು ಸಂಚಾಲಕರಿಗೆ ಬಾಯಲ್ಲೋ ಬರಹದಲ್ಲೋ ಹೇಳಿ, ಒಂದು ವಾರದಲ್ಲಿ ಉತ್ತರ ಕೊಡುತ್ತೇವೆ. ದೂರು ಇತ್ಯರ್ಥಕ್ಕೆ ನಿಯಮಗಳು ಕೊಟ್ಟಿರುವ ಹೊರಮಿತಿ 90 ದಿನ. ಮಗು ಶಾಲೆ ಬಿಟ್ಟು ಹೋಗಲು ಅಷ್ಟು ದಿನ ಬೇಕಾಗುವುದಿಲ್ಲ, ಹಾಗಾಗಿ ನಾವು ಒಂದು ವಾರ ಎಂದು ಇಟ್ಟುಕೊಂಡಿದ್ದೇವೆ.

ಮಗು ತನ್ನ ಕಡತ ನೋಡಬೇಕೆಂದರೆ?

ತೋರಿಸುತ್ತೇವೆ, ಶಿಕ್ಷಕಿ ಪಕ್ಕದಲ್ಲಿ ಕುಳಿತು. ಒಂಬತ್ತನೆಯ, ಹತ್ತನೆಯ ತರಗತಿಯವರು ಕೇಳುವುದು ಹೆಚ್ಚು. ಕೆಲವರು ಹಳೆಯ ಟಿಪ್ಪಣಿ ಓದಿ ವಾದಕ್ಕೆ ನಿಲ್ಲುತ್ತಾರೆ. ಅವರ ಮಾತನ್ನೂ ಅದರ ಕೆಳಗೆ, ಅವರದೇ ಕೈಬರಹದಲ್ಲಿ ಸೇರಿಸುತ್ತೇವೆ. 18 ತುಂಬಿದ ದಿನದಿಂದ ಪಾಲಕರ ಸಹಿ ನಡೆಯುವುದಿಲ್ಲ. ಹಿಂದೆ ಒಪ್ಪಿಕೊಂಡ ಫೋಟೊಗಳು ಉಳಿಯಬೇಕೋ ಬೇಡವೋ ಎಂದು ಆ ಹುಡುಗನನ್ನೋ ಹುಡುಗಿಯನ್ನೋ ನೇರವಾಗಿ ಕೇಳುತ್ತೇವೆ.